ಗಂಜಿ ಆರುವ ಮುಂಚೆ

ಇವತ್ತು ಅನ್ನ ಬಸಿಯುವಾಗ ಗಂಜಿಯ ಆವಿ ಮುಖಕ್ಕೆ ಬಡಿದು, ಸೇಲಂನ ನಮ್ಮ ನೇಕಾರರ ಬೀದಿ ನೆನಪಾಯಿತು.

ಪಾವು, ಅಂದರೆ ಸೀರೆಯ ಉದ್ದನೂಲನ್ನು, ಬೆಳಿಗ್ಗೆ ಬೀದಿಯಲ್ಲಿ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಕಡಿದ ಎಳೆಗಳನ್ನು ಗಂಜಿ ಆರುವುದರೊಳಗೆ ಸೇರಿಸಬೇಕು. ಇಲ್ಲದಿದ್ದರೆ ನೂಲೆಲ್ಲ ಅಂಟಿಕೊಂಡು ಪಾವು ಹಾಳು. ಒಮ್ಮೆ ನಾನು ಅವಸರದಲ್ಲಿ ಒಂದು ಹಿಡಿ ಎಳೆ ಕಿತ್ತಿದ್ದೆ. ಅಂದಿನಿಂದ ನೂಲು ಮುಟ್ಟಲು ಹೆದರುತ್ತಿದ್ದೆ.

ಆಮೇಲೊಂದು ದಿನ ಬೀದಿಯಲ್ಲಿ ಪಕ್ಕದ ಮನೆಯ ರಂಗಜ್ಜಿಯ ಪಾವು ಕಟ್ಟಿತ್ತು. ಅಜ್ಜಿಗೆ ಕಣ್ಣು ಮಂಜು, ಮಗನಿಗೆ ಜ್ವರ. ಬಿಸಿಲು ಬೀದಿಯ ತುದಿಗೆ ಬಂದಿತ್ತು. ಬಾಗಿಲ ಹಿಂದೆ ಅಡಗಿದ್ದ ನನ್ನನ್ನು ಗೆಳತಿ ಸರೋಜ ಎಳೆದಳು.

"ಬಾರೆ, ಅಜ್ಜಿ ಪಾವು ಒಣಗ್ತಾ ಐತೆ."

"ಭಯಮಾ ಐತೆ ಕಣೆ. ಕಿತ್ತೋಗ್ತದೆ."

"ಎಲ್ಲಾ ನೋಡ್ಬೇಡ. ಒಂದೇ ಎಳೆ ಸೇರ್ಸು. ಆಮೇಲೆ ಬೇಕಾದ್ರೆ ಓಡೋಗು."

ಹಿಡಿತಕ್ಕೆಂದು ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ತುದಿ ಹೊಸೆದೆ. ಜಾರಿತು. ಮತ್ತೆ ಹೊಸೆದೆ. ನಿಂತಿತು. ಸರೋಜ ಎದುರಿನಿಂದ ಇನ್ನೊಂದು ಎಳೆ ಬಿಡಿಸಿ ಕೊಟ್ಟಳು.

"ಏನ್ಲೇ ಪುಳ್ಳೆ, ನಿನ್ ಮದ್ವೆ ಒಳಗಾದ್ರೂ ಮುಗೀತದಾ?" ಎಂದಳು ಅಜ್ಜಿ. ಹುಡುಗಿಯರೆಲ್ಲ ಅವಳಿಗೆ ಪುಳ್ಳೆಗಳೇ.

ನಗು ಬಂತು, ಭಯ ಮಾತ್ರ ಹೋಗಲಿಲ್ಲ. ಒಂದೊಂದೇ ಎಳೆ ಸೇರಿಸುತ್ತಾ ಹೋದೆ. ಬಿಸಿಲು ನಮ್ಮ ಕಾಲಿಗೆ ಬರುವಷ್ಟರಲ್ಲಿ ಕಡಿದ ಎಳೆ ಒಂದೂ ಉಳಿದಿರಲಿಲ್ಲ.

ಸರೋಜ ಈಗ ಶಂಕಗಿರಿಯಲ್ಲಿದ್ದಾಳೆ. ನಾಳೆ ಅವಳ ಗಂಡನಿಗೆ ಆಪರೇಷನ್. ಬೆಳಿಗ್ಗೆ ಫೋನಿನಲ್ಲಿ ಈ ಸಲ ಅವಳೇ "ಭಯಮಾ ಐತೆ ಕಣೆ" ಎಂದಳು. ಮಧ್ಯಾಹ್ನದ ಬಸ್ಸಿಗೆ ಹೋಗುತ್ತಿದ್ದೇನೆ. ಆಪರೇಷನ್ ಮುಗಿಯುವ ತನಕ ಅವಳ ಪಕ್ಕದಲ್ಲಿ ಕೂತಿರುತ್ತೇನೆ.