ಮಾವ ನಾಯಿಮರಿಯನ್ನು ಲೈನಿಗೆ ತಂದ ಬಗೆ

ನಮ್ಮ ಮಾವ ಶಿವಾಜಿನಗರದ ಒಂದು ಗಲ್ಲಿಯಿಂದ ನಾಯಿಮರಿ ತಂದದ್ದು ಮೂರು ವರ್ಷದ ಹಿಂದೆ, ಒಂದು ಭಾನುವಾರ. ಪಾರಿವಾಳ, ಮೊಲ, ಬಣ್ಣದ ಮೀನು ಮಾರುವವರ ಸಾಲಿನಲ್ಲಿ ಯಾರೋ ಒಬ್ಬ ಇದನ್ನೂ ಪಂಜರದಲ್ಲಿ ಇಟ್ಟುಕೊಂಡಿದ್ದನಂತೆ. ಅಪ್ಪಟ ಲ್ಯಾಬ್ರಡಾರ್, ಅಪ್ಪ ಅಮ್ಮ ಇಬ್ಬರೂ ಚಾಂಪಿಯನ್ನರು ಎಂದು ಅವನು ಹೇಳಿದ, ಇವರು ನಂಬಿದರು. ಹಾಲಿನವನ ಮಾತು, ತರಕಾರಿಯವಳ ಮಾತು, ಹೆತ್ತ ಮಗನ ಮಾತು, ಯಾವುದನ್ನೂ ಒಂದೇ ಸಲಕ್ಕೆ ನಂಬಿದ ಮನುಷ್ಯರಲ್ಲ ಅವರು. ಗಲ್ಲಿಯಲ್ಲಿ ನಿಂತವನ ಮಾತನ್ನು ಮಾತ್ರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಬಂದಿದ್ದರು. ರಟ್ಟಿನ ಪೆಟ್ಟಿಗೆಯೊಳಗೆ ಆ ಮರಿ ತನ್ನದೇ ಉಚ್ಚೆಯಲ್ಲಿ ನೆನೆದು ನಡುಗುತ್ತಿತ್ತು.

ಮಾವ ವಿಮಾನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ಫೋರ್‌ಮನ್‌ಗಿರಿಯನ್ನು ಬಿಡಲಿಲ್ಲ. ವಿಮಾನಪುರದಲ್ಲಿ ಅವರು ಕಟ್ಟಿಸಿದ ಮನೆಯಲ್ಲಿ ಆಗ ನಾವು ನಾಲ್ವರೇ ಇದ್ದೆವು: ಅವರು, ಅತ್ತೆ, ನನ್ನ ಗಂಡ, ನಾನು. ನಮ್ಮ ಮಗಳು ಓದಲು ಮೈಸೂರಿಗೆ ಹೋಗಿದ್ದಳು. ಬೆಳಿಗ್ಗೆ ಪಾರ್ಕಿನಲ್ಲಿ ಮಾವನ ಜೊತೆ ನಡೆಯುವ ನಿವೃತ್ತರಲ್ಲಿ ಮೂವರ ಬಳಿ ನಾಯಿಗಳಿದ್ದವು. ಆ ಮೂವರೂ ನಾಯಿ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ನಾಯಿಯಿಲ್ಲದ ಮಾವನಿಗೆ ಅಲ್ಲಿ ಬೋಧನೆ ಮಾಡಲು ವಿಷಯವೇ ಇರಲಿಲ್ಲ. ಅವರು ನಾಯಿ ತಂದದ್ದಕ್ಕೆ ನನಗೆ ಕಂಡ ಕಾರಣ ಇಷ್ಟೇ.

“ಒಂದೇ ತಿಂಗಳು,” ಎಂದರು ಪೆಟ್ಟಿಗೆಯನ್ನು ಹಾಲ್‌ನಲ್ಲಿಟ್ಟು. “ಲೈನಿಗೆ ತರ್ತೀನಿ ನೋಡ್ತಾ ಇರಿ. ನನ್ ಕೈ ಕೆಳಗೆ ಎಂಥೆಂಥ ಹುಡುಗ್ರು ರೆಡಿ ಆದ್ರು, ಇದ್ಯಾವ ಲೆಕ್ಕ?”

ಮರುದಿನವೇ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಕಾಗದ ಅಂಟಿತು. ಊಟ ಎಷ್ಟು ಹೊತ್ತಿಗೆ, ಉಚ್ಚೆ ಎಷ್ಟು ಹೊತ್ತಿಗೆ, ಎಲ್ಲ ಅವರ ಅಚ್ಚುಕಟ್ಟಾದ ಅಕ್ಷರದಲ್ಲಿ. ಕೆಲಸ ಯಾರದು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಉಸ್ತುವಾರಿ ಅವರದು, ಒರೆಸುವ ಬಟ್ಟೆ ನಮ್ಮದು. ಬೆಳಿಗ್ಗೆ ನಾನು ಆಫೀಸಿಗೆ ಹೊರಡುವ ಮುನ್ನ ಒರೆಸುತ್ತಿದ್ದೆ, ಹಗಲೆಲ್ಲ ಅತ್ತೆ ಒರೆಸುತ್ತಿದ್ದರು. ನನ್ನ ಗಂಡ ಒದ್ದೆ ಕಂಡ ಕಡೆಯಲ್ಲಿ ದಾಟಿಕೊಂಡು ಹೋಗುತ್ತಿದ್ದರು.

ಮಾವನ ವಿದ್ಯೆ ಸರಳವಾಗಿತ್ತು. ಬಚ್ಚಲ ಪಕ್ಕದಲ್ಲಿ ನ್ಯೂಸ್‌ಪೇಪರ್ ಹಾಸುವುದು. ಮರಿ ಅಲ್ಲಿ ಬಿಟ್ಟು ಬೇರೆಲ್ಲಾದರೂ ಮಾಡಿದರೆ ಕತ್ತು ಹಿಡಿದು ಮೂತಿಯನ್ನು ಅದರಲ್ಲೇ ಉಜ್ಜುವುದು, ಮೇಲೆ ಸುರುಳಿ ಸುತ್ತಿದ ಪೇಪರಿನಿಂದ ಎರಡು ಬಾರಿಸುವುದು. ಬೈಗುಳ ಮಾತ್ರ ಇಂಗ್ಲಿಷಿನಲ್ಲಿ. “ನಾಯಿಗೆ ಇಂಗ್ಲಿಷೇ ಅರ್ಥ ಆಗೋದು,” ಎಂದು ಪಾರ್ಕಿನಲ್ಲಿ ಯಾರೋ ಹೇಳಿಕೊಟ್ಟಿದ್ದರು. ಶಿವಾಜಿನಗರದಲ್ಲಿ ಹುಟ್ಟಿದ ಮರಿ ಉರ್ದು, ತಮಿಳು ಎರಡನ್ನೂ ಕೇಳಿ ಬಂದಿರಬೇಕು. ಇಲ್ಲಿ ಬಂದು “ಬ್ಯಾಡ್ ಬಾಯ್” ಕೇಳಿ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಅದು ಹೆಣ್ಣುಮರಿ ಎಂದು ಅತ್ತೆ ನಾಲ್ಕನೇ ದಿನ ಹೇಳಿದರು. ಮಾವ ಇಟ್ಟಿದ್ದ ಯಾವುದೋ ಸೇನಾಪತಿಯ ಹೆಸರು ಹಾಗೇ ಉಳಿಯಿತು, “ಬಾಯ್” ಕೂಡ ಹಾಗೇ ಉಳಿಯಿತು.

ಊಟದ ವಿಷಯದಲ್ಲೂ ಅವರದೇ ಕಾನೂನು. ಬೆಳಿಗ್ಗೆ ಹಾಲಿಗೆ ಅದ್ದಿದ ಬಿಸ್ಕತ್ತು, ಸಂಜೆ ಹಾಲು ಅನ್ನ. ಮಾಂಸ ನಮ್ಮ ಮನೆಯೊಳಗೆ ಬರುವಂತಿರಲಿಲ್ಲ, ಅದು ಅತ್ತೆಯ ಕಾನೂನು. ಐದನೇ ದಿನಕ್ಕೆ ಮರಿಗೆ ಭೇದಿ ಹಿಡಿಯಿತು. ಸೋಫಾದ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ, ದೇವರಮನೆಯ ಹೊಸ್ತಿಲ ಮೇಲೆ, ಎಲ್ಲೆಲ್ಲೂ ಹಳದಿ ನೀರು. ಎದುರುಮನೆಯಾಕೆ ಜೀರಿಗೆ ನೀರು ಕುಡಿಸಿ ಎಂದಳು. ಪಾರ್ಕಿನ ಪಂಡಿತರೊಬ್ಬರು ಗೇಟಿನ ಹೊರಗೇ ನಿಂತು, ಹುಳು ಇರಬೇಕು, ಬೇವಿನ ಸೊಪ್ಪು ಅರೆದು ಹಾಕಿ ಎಂದರು. ಪುಕ್ಕಟೆ ಸಲಹೆ ಕೊಡುವವರಲ್ಲಿ ಒಬ್ಬರಾದರೂ ಒಂದು ಬಕೆಟ್ ನೀರು ಎತ್ತಿದವರಲ್ಲ. ಮಾವ ತಮ್ಮದೇ ತೀರ್ಮಾನಕ್ಕೆ ಬಂದರು.

“ಊಟ ಕಮ್ಮಿ ಮಾಡಿ. ಮೇಲಿಂದ ಕಮ್ಮಿ ಹೋದ್ರೆ ಕೆಳಗಿಂದ ಕಮ್ಮಿ ಬರತ್ತೆ. ಸಿಂಪಲ್.”

ಎರಡು ದಿನದಲ್ಲಿ ಮರಿಯ ಪಕ್ಕೆಲುಬು ಎಣಿಸುವ ಹಾಗಾಯಿತು.

ಆಗ ನನ್ನನ್ನು ಕಾಡುತ್ತಿದ್ದದ್ದು ಭೇದಿಗಿಂತ ಇನ್ನೊಂದು ಸಂಗತಿ. ಮರಿ ಪೇಪರಿನ ಮೇಲೆ ಮಾಡುವುದನ್ನು ಬೇಗ ಕಲಿತಿತ್ತು. ಆದರೂ ದಿನಾ ಸಂಜೆ ಮಾವ ಹೊರಗಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಸರಿಯಾಗಿ, ಅವರ ಕಾಲ ಮುಂದೆಯೇ, ಹೊಟ್ಟೆ ನೆಲಕ್ಕಂಟಿಸಿ ಬಾಲ ಮಡಿಸಿಕೊಂಡು ಉಚ್ಚೆ ಹೊಯ್ಯುತ್ತಿತ್ತು. ನಮ್ಮ ತಲೆಯ ಮೇಲೆ ಯುದ್ಧವಿಮಾನ ಹಾರಿ ಕಿಟಕಿಯ ಗಾಜು ನಡುಗಿದರೂ ಆ ಮರಿ ಕಿವಿ ಎತ್ತುತ್ತಿರಲಿಲ್ಲ. ಮಾವನ ಕೈಯಲ್ಲಿ ಗೇಟಿನ ಚಿಲಕ ಕಿರ್ ಎಂದರೆ ಮುಗಿಯಿತು. ಮಾವ ಅದನ್ನು ತಮಗೆ ಮಾಡಿದ ಅವಮಾನ ಎಂದುಕೊಂಡರು. “ಬೇಕೂಂತಲೇ ಮಾಡತ್ತೆ ಇದು! ನನ್ ಕಾಲ್ ಮೇಲೇ!” ಎಂದು ಪೇಪರ್ ಸುತ್ತುತ್ತಿದ್ದರು.

ನಾನು ಆಗ ಏನಂದುಕೊಂಡಿದ್ದೆ ಎಂಬುದನ್ನೂ ಬರೆಯಬೇಕು. ಅವರ ಮೇಲೆ ನನಗೆ ಸಿಟ್ಟಿತ್ತು, ನಿಜ. ಆದರೆ ಮರಿಯ ಮೇಲೆ ಇನ್ನೂ ಹೆಚ್ಚು ಅಸಹ್ಯವಿತ್ತು. ಹಲ್ಲು ಇದೆ, ಓಡಲು ನಾಲ್ಕು ಕಾಲಿವೆ. ಹೋಗಿ ಹೋಗಿ ಹೊಡೆಯುವವನ ಪಾದದ ಮುಂದೆಯೇ ಬಿದ್ದುಕೊಳ್ಳುತ್ತದಲ್ಲ, ಎಂಥ ಹೇಡಿ ಪ್ರಾಣಿ ಇದು ಎನಿಸುತ್ತಿತ್ತು.

ಆ ಶನಿವಾರ ಮಾವನಿಗೆ ಹೇಳದೆ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ. ಗಂಡ ಜೊತೆಗೆ ಬಂದರು. ಆಟೋದಲ್ಲಿ ಕುಕ್ ಟೌನ್‌ಗೆ ಹೋದೆವು. ಹಳೆಯ ಬಂಗಲೆಯೊಂದರ ಮುಂದಿನ ಕೋಣೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ವಯಸ್ಸಾದ ಡಾಕ್ಟರಮ್ಮ ಮರಿಯ ಹೊಟ್ಟೆ ಒತ್ತಿ, ತುಟಿ ಸರಿಸಿ ಒಸಡು ನೋಡಿದರು.

“ಹಾಲು ಯಾರಮ್ಮ ಕೊಟ್ಟಿದ್ದು?”

“ನಮ್ಮ ಮಾವ.”

“ನಿಲ್ಸಿ. ಹಾಲು ಬೇಡ, ಬಿಸ್ಕೆಟ್ ಬೇಡ. ಮೆತ್ತಗೆ ಬೇಯ್ಸಿದ ಅನ್ನ, ಅದ್ರ ಜೊತೆ ಕೋಳಿ, ಇಲ್ಲಾಂದ್ರೆ ಮೊಟ್ಟೆ. ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕು ಸಲ. ತಿಂದ ತಕ್ಷಣ ಕಾಂಪೌಂಡ್‌ಗೆ ಎತ್ಕೊಂಡು ಹೋಗಿ, ಮಾಡೋ ತನಕ ಅಲ್ಲೇ ನಿಂತಿರಿ. ಮಾಡಿದ್ರೆ ಹೊಗಳಿ. ಇಂಜೆಕ್ಷನ್ ಎಲ್ಲಾ ಮುಗಿಯೋವರ್ಗೂ ರೋಡಿಗೆ ಮಾತ್ರ ಬೇಡ.”

“ಇದಕ್ಕೆ ಸ್ವಲ್ಪ ಬುದ್ಧಿ ಕಮ್ಮಿ ಅನ್ಸತ್ತೆ ಡಾಕ್ಟ್ರೇ,” ಎಂದೆ. “ಪೇಪರ್ ಮೇಲೆ ಮಾಡಿ ಬಂದಿರತ್ತೆ, ಆದ್ರೂ ಸಾಯಂಕಾಲ ಬಾಗಿಲ ಹತ್ರ ಮತ್ತೆ ಮಾಡತ್ತೆ.”

“ಯಾರು ಬಂದಾಗ?”

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, “ಅಪ್ಪ ಬಂದಾಗ,” ಎಂದರು.

ಡಾಕ್ಟರಮ್ಮ ತಮ್ಮ ಕೈಯನ್ನು ಮರಿಯ ತಲೆಯ ಮೇಲೆ ಎತ್ತಿ ಹಿಡಿದರು. ಮರಿ ಸ್ಟೀಲ್ ಮೇಜಿಗೆ ಅಂಟಿಕೊಂಡಿತು, ಕಿವಿ ಹಿಂದಕ್ಕೆ ಹೋಯಿತು, ಕೆಳಗಿಂದ ತೆಳ್ಳಗೆ ಒಂದು ಧಾರೆ ಹರಿಯಿತು.

“ಪಾರುಮ್ಮ, ನೋಡಿ,” ಎಂದು ತಮಿಳು ಬೆರೆಸಿ, ಹತ್ತಿಯಿಂದ ಒರೆಸುತ್ತ ಹೇಳಿದರು. “ಇದು ಕೊಬ್ಬು ಅಲ್ಲ, ಪೆದ್ದುತನಾನೂ ಅಲ್ಲ. ‘ನಾನು ಚಿಕ್ಕೋಳು, ಹೊಡೀಬೇಡಿ’ ಅಂತ ಹೇಳ್ತಾ ಇದೆ. ನಾಯಿ ಭಾಷೇಲಿ ಹಿಂಗೇ ಹೇಳೋದು. ಹೊಡೆದಷ್ಟೂ ಜಾಸ್ತಿ ಆಗತ್ತೆ. ನಿಮ್ ಮಾವಂಗೆ ಹೇಳಿ, ಒಳಗೆ ಬಂದಾಗ ಇದನ್ನ ನೋಡ್ಲೇಬಾರ್ದು, ಮಾತಾಡಿಸಬಾರ್ದು, ಮುಟ್ಟಬಾರ್ದು. ಅದಾಗಿ ಅದೇ ಹತ್ರ ಬರಬೇಕು.”

ವಾಪಸು ಬರುವಾಗ ಹಲಸೂರಿನ ಸಿಗ್ನಲ್ಲಿನಲ್ಲಿ ಆಟೋ ಬಹಳ ಹೊತ್ತು ನಿಂತಿತ್ತು. ಮರಿ ನನ್ನ ಮಡಿಲಲ್ಲಿ ಮಲಗಿತ್ತು. ಗಂಡ ಹೊರಗೆ ನೋಡುತ್ತ, “ನಂಗೂ ಆಗ್ತಿತ್ತು,” ಎಂದರು.

“ಏನು?”

“ಅದೇ. ಎಂಟನೇ ಕ್ಲಾಸ್ ತನಕ. ಮಾರ್ಕ್ಸ್ ಕಾರ್ಡ್ ತೋರಿಸುವಾಗ. ಅಮ್ಮ ಬೇರೆ ಚಡ್ಡಿ ರೆಡಿ ಇಟ್ಟಿರೋಳು.”

ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು, ಇದನ್ನು ಅವರು ಒಮ್ಮೆಯೂ ಹೇಳಿರಲಿಲ್ಲ. ಕೇಳಿದ ಕೂಡಲೇ ನನಗೆ ಕನಿಕರ ಬರಬೇಕಿತ್ತು, ಬರಲಿಲ್ಲ. ಮೊದಲು ಬಂದದ್ದು ಆ ಹಳೆಯ ತಾತ್ಸಾರವೇ. ಅಪ್ಪನ ಮುಂದೆ ಬಾಯಿ ಬಿಡಲಾರದ, ಕಾರು ಕೊಳ್ಳುವುದಕ್ಕೂ ಅವರ ಮುಖ ನೋಡುವ ಗಂಡನನ್ನು ನಾನು ಬಹಳ ವರ್ಷಗಳಿಂದ ಒಳಗೊಳಗೇ ಕೀಳಾಗಿ ಕಂಡಿದ್ದೆ. ಸಿಗ್ನಲ್ ಬಿಟ್ಟ ಮೇಲೆ ನನಗೆ ನಾಚಿಕೆಯಾಯಿತು. ಹೊಡೆಯುವವರನ್ನು ಬಿಟ್ಟು ಹೆದರಿದವರನ್ನು ಹೀನಾಯ ಮಾಡುವ ಬುದ್ಧಿ ನನಗೆ ಎಲ್ಲಿಂದ ಬಂತೋ ತಿಳಿಯದು. ಅದೇ ಮನೆಯ ಅನ್ನ ತಿಂದು ಬಂದಿರಬೇಕು.

ಮಾವನಿಗೆ ಹೇಳಿದವಳು ನಾನೇ. ಅವರು ಕೇಳಿಸಿಕೊಂಡು ನಕ್ಕರು.

“ನೋಡಮ್ಮ, ಆ ಡಾಕ್ಟ್ರು ಎಷ್ಟ್ ಜನಕ್ಕೆ ಟ್ರೈನಿಂಗ್ ಕೊಟ್ಟಿದಾಳೆ? ನಾಯಿ ಬೆನ್ನು ಸವರೋರ ಹತ್ರ ನಾನು ಪಾಠ ಹೇಳಿಸ್ಕೋಬೇಕಾ?”

ಅದಾಗಿ ಎರಡು ದಿನಕ್ಕೆ, ಗಂಡ ಆಫೀಸಿನಿಂದ ಆಗ ತಾನೇ ಬಂದು ಹಾಲ್‌ನಲ್ಲಿ ನಿಂತಿದ್ದರು. ಹಿಂದೆಯೇ ಮಾವ ಬಂದರು. ಮರಿ ಎಂದಿನಂತೆ ನೆಲಕ್ಕೆ ಬಿತ್ತು. ಮಾವ ಟೀಪಾಯಿಯ ಮೇಲಿನ ಪೇಪರ್ ಎತ್ತಿ ಸುತ್ತತೊಡಗಿದರು. ಗಂಡ ಬಗ್ಗಿ ಮರಿಯನ್ನು ಎತ್ತಿ ಎದೆಗೆ ಒತ್ತಿಕೊಂಡರು. ಅದು ಹೊಯ್ಯುತ್ತಲೇ ಇತ್ತು. ಅವರ ತಿಳಿನೀಲಿ ಶರ್ಟು ಹೊಟ್ಟೆಯವರೆಗೆ ಒದ್ದೆಯಾಗಿ, ಬೆಲ್ಟಿನಿಂದ ಕೆಳಗೆ ತೊಟ್ಟಿಕ್ಕಿತು.

“ಕೊಡು ಇಲ್ಲಿ,” ಎಂದರು ಮಾವ.

“ಇಲ್ಲ ಅಪ್ಪ.”

“ಕೊಡು ಅಂದೆ.”

“ಇಲ್ಲ ಅಪ್ಪ.”

ಅಷ್ಟೇ. ಇಪ್ಪತ್ತೆರಡು ವರ್ಷ ನಾನು ಕಾದದ್ದು ಈ ಎರಡು ಮಾತಿಗೆ, ಅದೂ ನಾಯಿಯ ಉಚ್ಚೆಯಲ್ಲಿ ತೊಯ್ದ ಗಂಡಸಿನ ಬಾಯಿಂದ, ನಡುಗುವ ದನಿಯಲ್ಲಿ. ನನಗೆ ನಗು ಬಂತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರು ಮೆಲ್ಲಗೆ ಬಂದು ಮಾವನ ಕೈಯಿಂದ ಪೇಪರ್ ತೆಗೆದುಕೊಂಡು, ಬಿಚ್ಚಿ, ನೆಲದ ಒದ್ದೆಯ ಮೇಲೆ ಹಾಸಿದರು.

“ಇಬ್ರೂ ಒಂದೇ ಜಾತಿ,” ಎಂದು ಮಾವ ತಮ್ಮ ಕೋಣೆಗೆ ಹೋಗಿ ಕದ ಹಾಕಿಕೊಂಡರು.

ಅಂದಿನಿಂದ ಅವರು ಮರಿಗೆ ಬಹಿಷ್ಕಾರ ಹಾಕಿದರು. ಮನೆಗೆ ಬಂದರೆ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಡ್ಡ ಬಂದರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಡಾಕ್ಟರಮ್ಮ ಹೇಳಿದ್ದನ್ನು ನಾವು ಬೇಡಿಕೊಂಡಿದ್ದರೂ ಎಂದೂ ಮಾಡದವರು, ಹಟಕ್ಕೆ ಬಿದ್ದು ಒಂದಕ್ಷರ ತಪ್ಪದೆ ಮಾಡಿದರು. ನಾವು ಮೂವರೂ ಬಾಯಿ ಮುಚ್ಚಿಕೊಂಡಿದ್ದೆವು.

ಈ ನಡುವೆ ಅತ್ತೆ ತಮ್ಮ ಕಾನೂನನ್ನು ಅರ್ಧ ಸಡಿಲಿಸಿದರು. ಕೋಳಿ ಬೇಡ, ಮೊಟ್ಟೆ ಆಗಬಹುದು. ಅದೂ ಹಿತ್ತಲಲ್ಲಿ, ಹಳೆಯ ಸ್ಟವ್ವಿನ ಮೇಲೆ, ಬೇರೆ ಪಾತ್ರೆಯಲ್ಲಿ. ಮೊದಲ ದಿನ ಮೂಗಿಗೆ ಸೆರಗು ಒತ್ತಿ ನಿಂತಿದ್ದ ಅತ್ತೆ ವಾರ ಕಳೆಯುವಷ್ಟರಲ್ಲಿ ತಾವೇ ಸಿಪ್ಪೆ ಬಿಡಿಸಿ ಅನ್ನಕ್ಕೆ ಕಲಸತೊಡಗಿದರು. ತಿಂದ ಕೂಡಲೇ ಮರಿಯನ್ನು ನುಗ್ಗೆಮರದ ಕೆಳಗೆ ಬಿಟ್ಟು, “ಮಾಡು ಪುಟ್ಟಿ, ಬೇಗ ಮಾಡು,” ಎನ್ನುತ್ತ ನಿಲ್ಲುತ್ತಿದ್ದರು. ಅದು ಮಾಡಿದರೆ “ಜಾಣೆ!” ಎನ್ನುತ್ತಿದ್ದರು. ಭೇದಿ ನಿಂತಿತು, ಮೈ ತುಂಬಿತು. ಜಾಣೆ ಎಂದು ಕರೆಸಿಕೊಳ್ಳಲು ಮರಿ ತಾನೇ ಹಿತ್ತಲ ಬಾಗಿಲಿಗೆ ಓಡತೊಡಗಿತು.

ಮೂರನೇ ವಾರದ ಒಂದು ಸಂಜೆ ಮಾವ ಟಿವಿ ಮುಂದೆ ಕೂತಿದ್ದಾಗ ಮರಿ ತೆವಳಿಕೊಂಡು ಹೋಗಿ ಅವರ ಹೆಬ್ಬೆರಳು ಮೂಸಿತು. ಅವರು ಅಲುಗಾಡಲಿಲ್ಲ. ನೆಲ ಒಣಗಿಯೇ ಉಳಿಯಿತು. ಇನ್ನೊಂದು ವಾರಕ್ಕೆ ಅದು ಅವರು ಬಂದಾಗ ಬಾಲ ಅಲ್ಲಾಡಿಸಿ, ಆಮೇಲೆ ತನ್ನ ಪಾಡಿಗೆ ತಾನು ಹೋಗಿ ಮಲಗತೊಡಗಿತು.

ತಿಂಗಳು ಕಳೆದ ಮೇಲೆ ನಾನು ಪಾರ್ಕಿನ ಪಕ್ಕದ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಬೇಲಿಯ ಆಚೆಯಿಂದ ಮಾವನ ದನಿ ಕೇಳಿಸಿತು. ಸುತ್ತ ನಾಲ್ಕೈದು ಜನ ನಿವೃತ್ತರಿದ್ದರು.

“ಹೊಡೆಯೋದೆಲ್ಲ ಓಲ್ಡ್ ಮೆಥಡ್ ರೀ. ನಾನು ಕೈ ಎತ್ತೋದೇ ಇಲ್ಲ. ಇಗ್ನೋರ್ ಮಾಡ್ಬೇಕು, ಅದೇ ಟೆಕ್ನಿಕ್ಕು. ಮನೇಲಿ ಇವ್ರಿಗೆಲ್ಲ ಇದು ಅರ್ಥ ಆಗಲ್ಲ.”

ಒಬ್ಬರು ಅದನ್ನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಗಂಡನಿಗೆ ಹೇಳಿದರೆ ಅವರು ಸುಮ್ಮನೆ ನಕ್ಕು, “ಹೋಗ್ಲಿ ಬಿಡು, ಕೈ ಎತ್ತಲ್ಲ ಅಂತ ಊರಿಗೆಲ್ಲ ಹೇಳಿದಾರಲ್ಲ. ಇನ್ ಎತ್ತೋಕಾಗಲ್ಲ,” ಎಂದರು. ಅಷ್ಟು ದೂರ ಯೋಚಿಸುವ ಗಂಡ ನನಗಿದ್ದಾರೆಂದು ನನಗೆ ಗೊತ್ತಿರಲಿಲ್ಲ.