‘ನಂದು’ ಎನ್ನಲು ಬಾರದ ಹುಡುಗಿಯರು

ಚೆಂಡು ಮೇಲಿನಿಂದ ನಿಧಾನವಾಗಿ ಇಳಿಯುತ್ತಿತ್ತು. ಕೆಳಗೆ ಇಬ್ಬರು ಹುಡುಗಿಯರು. ಇವಳು ಅವಳ ಮುಖ ನೋಡಿದಳು, ಅವಳು ಇವಳ ಮುಖ ನೋಡಿದಳು. ಚೆಂಡು ಇಬ್ಬರ ನಡುವೆ ಧೊಪ್ಪನೆ ನೆಲಕ್ಕೆ ಬಿತ್ತು.

ಹಳಿಯಾಳದಲ್ಲಿ ನಡೆದ ಈ ಸೀಸನ್ನಿನ ಮೊದಲ ಮ್ಯಾಚ್ ಅದು. ದಾಂಡೇಲಿಯ ನಮ್ಮ ಕಾಲೇಜಿನ ಹುಡುಗಿಯರ ವಾಲಿಬಾಲ್ ಟೀಮು ಎರಡೂ ಸೆಟ್ ಸೋತಿತು. ಎದುರಿನವರು ಹೊಡೆದು ಗೆದ್ದದ್ದಕ್ಕಿಂತ ನಾವು ಹೀಗೆ ನೋಡುತ್ತ ನಿಂತು ಕೊಟ್ಟದ್ದೇ ಹೆಚ್ಚು.

‘ನಾವು’ ಎಂದೆನಲ್ಲ, ನಾನು ಆಡುವವಳಲ್ಲ. ಇತಿಹಾಸ ಪಾಠ ಮಾಡುವವಳು. ಹೆಣ್ಣುಮಕ್ಕಳ ಟೀಮು ಊರು ಬಿಟ್ಟು ಹೋಗಬೇಕೆಂದರೆ ಜೊತೆಗೊಬ್ಬ ಮೇಡಂ ಇರಲೇಬೇಕು. ಈ ವರ್ಷ ಆ ಪಾಳಿ ನನ್ನದು. ಹೆಸರಿಗೆ ಟೀಮ್ ಮ್ಯಾನೇಜರ್. ಕೆಲಸ? ನೀರಿನ ಬಾಟಲಿ ಕಾಯುವುದು, ತಾಯಂದಿರ ಫೋನು ಬಂದರೆ ‘ಹ್ಞೂಂ, ಊಟ ಮಾಡ್ಯಾರ್ರಿ’ ಎನ್ನುವುದು. (ಒಂದು ಕಡೆಗೆ ಎಷ್ಟು ಜನ ಆಡುತ್ತಾರೆ ಎಂಬುದನ್ನೂ ಅಂದೇ ಎಣಿಸಿ ತಿಳಿದುಕೊಂಡೆ. ಯಾರಿಗೂ ಹೇಳಬೇಡಿ.)

ಮುಖ ನೋಡಿಕೊಂಡ ಇಬ್ಬರಲ್ಲಿ ಒಬ್ಬಳು ಕ್ಯಾಪ್ಟನ್ ರೇಣುಕಾ. ಅಪ್ಪ ಪೇಪರ್ ಮಿಲ್ಲಿನಲ್ಲಿ, ಮೂಲ ಧಾರವಾಡದ ಕಡೆಯವರು. ಅವಳು ಟೀಮಿನ ಲಿಫ್ಟರ್, ಅಂದರೆ ನೆಟ್ಟಿನ ಬಳಿ ಚೆಂಡನ್ನು ಎತ್ತಿ ಕೊಡುವವಳು. ಇನ್ನೊಬ್ಬಳು ಸುಪ್ರಿಯಾ. ಜೋಯಿಡಾದಾಚೆ ಉಳವಿ ರಸ್ತೆಯ ಹಳ್ಳಿಯವಳು, ಮನೆಮಾತು ಕೊಂಕಣಿ, ಇರುವುದು ಹಾಸ್ಟೆಲ್ಲಿನಲ್ಲಿ. ರೇಣುಕಾ ಎತ್ತಿದ್ದನ್ನು ಹಾರಿ ಹೊಡೆಯುವವಳು.

ನಮ್ಮ ಕ್ರೀಡಾ ಶಿಕ್ಷಕ ಪಾಟೀಲ ಸರ್ ಕೆಂಪಗಾಗಿದ್ದರು. “ಚೆಂಡ ಯಾರ ಕಡೆ ಬರತೈತಿ, ಅವರು ‘ನಂದು’ ಅಂತ ಒದರಬೇಕು, ಉಳಿದವರು ಸರೀಬೇಕು. ಇಷ್ಟ ಹೇಳಾಕ ಏನ ಧಾಡಿ ನಿಮಗ?”

“ಆಕಿ ತಗೋತಾಳ ಅಂತ ಬಿಟ್ಟೆ ಸರ್” ಎಂದಳು ರೇಣುಕಾ.

“ಅಕ್ಕ ಸೀನಿಯರ್ ಅದಾಳ್ರಿ. ನಾ ಹೆಂಗ ‘ನಂದು’ ಅನ್ಲಿ?” ಎಂದಳು ಸುಪ್ರಿಯಾ.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಈ ಹುಡುಗಿಯರು ಮನೆಯಲ್ಲಿ ಯಾವುದನ್ನು ‘ನಂದು’ ಎಂದಿದ್ದಾರೆ? ಬೈಕು ಅಣ್ಣನದು. ಟಿ.ವಿ. ರಿಮೋಟು ಅಪ್ಪನದು. ಫೋನಿನ ಚಾರ್ಜರು ಕೂಡ ತಮ್ಮ ಬಿಟ್ಟಾಗ ಸಿಗುವಂಥದ್ದು. ಕೊನೆಯ ರೊಟ್ಟಿ ಉಳಿದರೆ ‘ನೀ ತಗೋ, ನೀ ತಗೋ’. ಅದನ್ನೇ ಸಂಸ್ಕಾರ ಎಂದು ನಾವು ಬೆನ್ನು ತಟ್ಟಿದ್ದೇವೆ. ಈಗ ಇದ್ದಕ್ಕಿದ್ದಂತೆ ನೂರಾರು ಜನರ ಮುಂದೆ ಒದರು ಎಂದರೆ ಹೇಗೆ ಒದರಿಯಾರು?

ಪಾಟೀಲ ಸರ್ ಬಿಡಲಿಲ್ಲ. ಒದರದೆ ಚೆಂಡು ಮುಟ್ಟಿದವರು ಗ್ರೌಂಡು ಸುತ್ತಬೇಕು ಎಂದರು. ಮೊದಮೊದಲು ಹೊಸ ಸೊಸೆಯರು ಅತ್ತೆಯ ಮುಂದೆ ಮಾತಾಡಿದಂಥ ದನಿ. ಸುಪ್ರಿಯಾ ಗಾಬರಿಯಲ್ಲಿ ಕೊಂಕಣಿಯಲ್ಲೇ ಏನೋ ಕೂಗಿಬಿಡುತ್ತಿದ್ದಳು, ಯಾರಿಗೂ ತಿಳಿಯುತ್ತಿರಲಿಲ್ಲ. ಸುತ್ತಿ ಸುತ್ತಿ ಕಾಲು ಸೋತ ಮೇಲೆ ಗಂಟಲು ಬಿಟ್ಟಿತು ನೋಡಿ. “ನಂದೂ!” ಗ್ರೌಂಡಿನ ಪಕ್ಕದ ಮನೆಯವರು ಕಿಟಕಿ ತೆಗೆದು ಇಣುಕಿದರು.

ಆ ಗಂಟಲಿನೊಂದಿಗೇ ಮುಂಡಗೋಡದ ಟೂರ್ನಮೆಂಟಿಗೆ ಹೋದೆವು. ಮೊದಲ ಮ್ಯಾಚ್ ಗೆದ್ದೆವು. ಸೆಮಿಫೈನಲ್ ಆ ಊರಿನದೇ ಟೀಮಿನ ಜೊತೆ. ಗೆಲ್ಲುತ್ತಿದ್ದೆವು ಕೂಡ. ಆಗ ಚೆಂಡೊಂದು ಮೇಲೆದ್ದಿತು. ರೇಣುಕಾ “ನಂದು” ಎಂದಳು. ಸುಪ್ರಿಯಾನೂ “ನಂದು” ಎಂದಳು. ಇಬ್ಬರೂ ಹಾರಿದರು. ರೇಣುಕಾಳ ಮೊಣಕೈ ಸುಪ್ರಿಯಾಳ ಹುಬ್ಬಿಗೆ ಬಡಿಯಿತು.

ರಕ್ತ. ನನ್ನ ಸೆರಗು ಒತ್ತಿ ಹಿಡಿದುಕೊಂಡೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಅವಳಿಲ್ಲದ ಟೀಮು ಸೋತಿತು.

ಮ್ಯಾಚ್ ಮುಗಿಸಿ ಓಡಿ ಬಂದ ರೇಣುಕಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. “ನಾ ಒದರಬಾರದಿತ್ತು ಮೇಡಂ.”

ಹಿಂದೆ ನಿಂತಿದ್ದ ಪಾಟೀಲ ಸರ್ ಮೆಲ್ಲಗೆ ಹೇಳಿದರು: “ಒದರಿದ್ದು ತಪ್ಪಲ್ಲ ಯವ್ವಾ. ‘ನಿಂದು’ ಅನ್ನೂದನ್ನ ನಾ ಕಲಿಸಿರಲಿಲ್ಲ. ಅದು ನನ್ನ ತಪ್ಪು.”

ಕೊನೆಯ ಟೂರ್ನಮೆಂಟು ನಮ್ಮ ದಾಂಡೇಲಿಯಲ್ಲೇ. ಗೆದ್ದವರಿಗೆ ಧಾರವಾಡದಲ್ಲಿ ಆಡುವ ಅವಕಾಶ. ಅದರ ಹಿಂದಿನ ದಿನ ಸುಪ್ರಿಯಾಳ ಅಪ್ಪ ಕಾಲೇಜಿಗೆ ಬಂದರು, ಮಗಳನ್ನು ಊರಿಗೆ ಕರೆದೊಯ್ಯಲು. ಹೊಲಿಗೆ ಬಿಚ್ಚಿಸಿಯಾಗಿತ್ತು, ಗುರುತು ಕೆಂಪಗೆ ಎದ್ದು ಕಾಣುತ್ತಿತ್ತು.

“ಮೇಡಂ, ಹುಡುಗಿ ಮುಖ ಅದ. ನಾಳೆ ಮದುವಿ ಮಾಡಬೇಕು. ಸಾಕು ಈ ಆಟ” ಎಂದರು. ಗದರುವ ದನಿಯಲ್ಲ, ಹೆದರಿದ ದನಿ.

ತಂದೆ ಮಾತು ಕೇಳಮ್ಮ ಎಂದು ಹೇಳುವುದು ನಮ್ಮಂಥ ಮೇಡಂಗಳಿಗೆ ಸಲೀಸು. ನನ್ನ ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಸುಪ್ರಿಯಾ ಬಾಯಿ ತೆರೆದಳು. ಅಪ್ಪನ ಜೊತೆ ಯಾವಾಗಲೂ ಕೊಂಕಣಿ ಆಡುವವಳು ಅಂದು ಕನ್ನಡದಲ್ಲೇ ಹೇಳಿದಳು, ನಾನೂ ಕೇಳಲಿ ಎಂದಿರಬೇಕು.

“ಬಾಬಾ, ಮುಖ ನಂದು. ನೋವೂ ನಂದ. ನಾ ಆಡ್ತೇನಿ.”

ಅವರು ನನ್ನ ಕಡೆ ನೋಡಿದರು. ನಾನೆಂದೆ, “ಡಾಕ್ಟರ್ ಹ್ಞೂಂ ಅಂದಾರ್ರಿ. ನೀವೂ ಇದ್ದು ನೋಡ್ಕೊಂಡು ಹೋಗ್ರಿ.” ಅವರು ಅಂದು ಜೋಯಿಡಾ ಬಸ್ಸು ಹಿಡಿಯಲಿಲ್ಲ. ಇಲ್ಲೇ ಅಂಬೇವಾಡಿಯ ಪರಿಚಯದವರ ಮನೆಯಲ್ಲಿ ಉಳಿದರು.

ಫೈನಲ್ಲಿಗೆ ಬಂದೆವು. ಎದುರಿಗೆ ಮುಂಡಗೋಡದವರೇ. ಆದರೆ ಸುಪ್ರಿಯಾಗೆ ಏನೋ ಆಗಿತ್ತು. ಚೆಂಡು ಮುಖದ ಹತ್ತಿರ ಬಂದ ಕೂಡಲೇ ಕಣ್ಣು ಮುಚ್ಚಿಬಿಡುತ್ತಿದ್ದಳು. ಒಂದು ಹೊಡೆತ ನೆಟ್ಟಿಗೆ, ಇನ್ನೊಂದು ಗೆರೆಯಾಚೆ. ಮೂರನೆಯ ಸೆಟ್ಟಿನಲ್ಲಿ ಪಾಟೀಲ ಸರ್ ಬೇರೆ ಹುಡುಗಿಯನ್ನು ಇಳಿಸಲು ಎದ್ದರು.

“ಬ್ಯಾಡ್ರಿ ಸರ್, ಆಕಿ ಇರ್ಲಿ” ಎಂದಳು ರೇಣುಕಾ. “ನಾ ಆಕಿಗೇ ಕೊಡ್ತೇನಿ.”

ಕೊಟ್ಟಳು. ಸುಪ್ರಿಯಾ ಮತ್ತೆ ತಪ್ಪಿದಳು. ಜನ ಗೊಣಗಿದರು. ರೇಣುಕಾ ಮತ್ತೆ ಎತ್ತಿದಳು, ಈ ಸಲ ಇಡೀ ಗ್ರೌಂಡಿಗೆ ಕೇಳುವಂತೆ: “ಸುಪ್ರಿಯಾ, ನಿಂದು!”

ಹುಡುಗಿ ಕಣ್ಣು ತೆರೆದೇ ಹಾರಿದಳು. ಆ ಹೊಡೆತದ ಸಪ್ಪಳ ನನ್ನ ಎದೆಯಲ್ಲಿ ಕೇಳಿಸಿತು. ಆಮೇಲೆ ಅವಳು ನಿಲ್ಲಲೇ ಇಲ್ಲ. ಗೆದ್ದೆವು! ಮಿಲ್ಲಿನ ಶಿಫ್ಟು ಮುಗಿಸಿ ಬುತ್ತಿ ಡಬ್ಬಿ ಸಮೇತ ಬಂದಿದ್ದ ರೇಣುಕಾಳ ಅಪ್ಪ ಡಬ್ಬಿಯನ್ನೇ ಬಾರಿಸಿದರು. ಸುಪ್ರಿಯಾಳ ಅಪ್ಪ ಪಕ್ಕದಲ್ಲಿದ್ದವರಿಗೆಲ್ಲ “ನಮ್ಮ ಹುಡುಗಿ, ನಮ್ಮ ಹುಡುಗಿ” ಎಂದು ಹೇಳುತ್ತಿದ್ದರು. ನಾನು? ಅಳುತ್ತಿದ್ದೆ. (ಮ್ಯಾನೇಜರುಗಳು ಅಳಬಾರದೆಂಬ ನಿಯಮ ಎಲ್ಲಿದೆ?)

ಹೋದ ವಾರ ಧಾರವಾಡದಲ್ಲಿ ಮೊದಲ ಸುತ್ತಿನಲ್ಲೇ ಸೋತೆವು. ನೆಪ ಹೇಳುವುದಿಲ್ಲ, ಅವರು ನಮಗಿಂತ ಎತ್ತರ, ನಮಗಿಂತ ಚುರುಕು. ವಾಪಸು ಬರುವ ಬಸ್ಸಿನಲ್ಲಿ ನಮ್ಮ ಹುಡುಗಿಯರ ಜಗಳವೇ ಜಗಳ. ಸರ್ವ್ ಎಲ್ಲಿ ಕೆಟ್ಟಿತು, ಮುಂದಿನ ವರ್ಷ ಯಾರು ಎಲ್ಲಿ ನಿಲ್ಲಬೇಕು, ಒಬ್ಬರ ಮಾತು ಇನ್ನೊಬ್ಬರು ಒಪ್ಪುತ್ತಿಲ್ಲ. ಸುಪ್ರಿಯಾಳ ದನಿಯೇ ಎಲ್ಲರಿಗಿಂತ ಮೇಲೆ.

ಹಳಿಯಾಳ ದಾಟಿದ ಮೇಲೆ ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿ ನೋಡಿದರು. “ಏನ್ರಿ ಮೇಡಮ್ಮರ, ಹೆಣ್ಣುಡುಗ್ಯಾರು ಇಷ್ಟ ಗದ್ಲಾ ಮಾಡ್ತಾರೇನು? ಸ್ವಲ್ಪ ಸುಮ್ನ ಕುಂದ್ರಸ್ರಿ.”

ಕ್ಲಾಸಿನಲ್ಲಿ ದಿನಕ್ಕೆ ಹತ್ತು ಸಲ ಸೈಲೆನ್ಸ್ ಎನ್ನುವ ನಾನು ಅಂದು ಹೇಳಿದೆ: “ಇರ್ಲಿ ಬಿಡ್ರಿ ಅಜ್ಜಾರ, ಮಾತಾಡೂದು ಈ ವರ್ಷನ ಕಲ್ತಾರ.”