ಉಪಗ್ರಹದ ಗೆರೆಯಲ್ಲಿ ನೀರು

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ವರ್ಷ ನಮ್ಮ ವಿಶ್ವವಿದ್ಯಾಲಯದ ತಂಡ, ಸಾಗರ ಪೇಟೆಯ ಹೊರಗೊಂದು ಗುಡ್ಡದ ಮೇಲೆ ಕೂತು, ಉಪಗ್ರಹಗಳ ರೇಡಿಯೊ ಸಂಕೇತ ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಗುತ್ತದೆಂದು ನೋಡುತ್ತಿತ್ತು. ಯಂತ್ರದ ಪೆನ್ನು ಎಳೆದ ಗೆರೆಯಲ್ಲಿ ಕೆಟ್ಟ ಭಾಗವನ್ನು ಹೊಡೆದುಹಾಕಿ, ಪಕ್ಕದಲ್ಲೇ ಕಾರಣ ಬರೆಯಬೇಕು: ಸಿಡಿಲು, ಕರೆಂಟ್ ಇಲ್ಲ, ಹೀಗೆ.

ಮಳೆಗಾಲ ಮುಗಿದ ಮೇಲೆ, ಉಪಗ್ರಹ ದಿಗಂತಕ್ಕಿಳಿದಾಗಲೆಲ್ಲ ಗೆರೆ ಅಲೆಅಲೆಯಾಗತೊಡಗಿತು. ನಾನು ಬೈದುಕೊಳ್ಳುತ್ತ ರಿಸೀವರ್ ಬಿಚ್ಚಿ ಜೋಡಿಸಿದೆ. ಹೊಸನಗರದ ಕಡೆಯ ಸಹೋದ್ಯೋಗಿ ಗೆರೆಯನ್ನೇ ನೋಡುತ್ತಿದ್ದವನು ಹೇಳಿದ: "ಮಿಷನ್ ಸರಿಯಾಗೇ ಇದೆ ಮಾರಾಯ. ಕೆಳಗೆ ನೀರು ನಿಂತಿದ್ಯಲ್ಲ, ಸಿಗ್ನಲ್ ಅದಕ್ಕೂ ಬಡಿದು ಬರ್ತಿದೆ."

ಹಾಗಾದರೆ ಆ ಭಾಗ ತೆಗೆಯಿರಿ ಎಂದರು ಪ್ರೊಫೆಸರು. ಅವನೇ ಸ್ಕೇಲಿಟ್ಟು ಹೊಡೆದುಹಾಕಿದ. ಕಾರಣ ಬರೆಯುವಲ್ಲಿ, ಮುಳುಗಿದ ತನ್ನ ಊರಿನ ಹೆಸರು ಬರೆದ.